ಬೂಷ್ಟು ಹಿಡಿದ ಫ್ಲಾಪಿಯಲ್ಲಿ ಉಳಿದಿರುವ ಅಕ್ಷರಗಳು

ವಿರಾಜಪೇಟೆಯಿಂದ ಇರಿಟ್ಟಿಗೆ ಇಳಿಯುವ ದಾರಿಯಲ್ಲಿರುವ ಮಾಕುಟ್ಟದ ಮಳೆಯನ್ನು ಕಂಡವರಿಗೆ ಬೂಷ್ಟಿನ ಪರಿಚಯವನ್ನು ಹೇಳಬೇಕಾಗಿಲ್ಲ. ಪುಸ್ತಕದ ಬೆನ್ನು, ಚರ್ಮದ ಪಾದರಕ್ಷೆ, ಕ್ಯಾಮರದ ಗಾಜು ಯಾವುದನ್ನೂ ಅದು ಬಿಡದು. 1990ರ ದಶಕದಲ್ಲಿ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಫ್ಲಾಪಿ ತಟ್ಟೆಗಳಲ್ಲಿ ಕೂಡಿಟ್ಟ ಕನ್ನಡ ಬರಹಗಳಿಗೂ ಇಂತಹ ಹವೆಯಲ್ಲಿ ಅದೇ ಗತಿ. ಹಾಗಾದರೆ ಆ ಬರಹ ಅಳಿದೇಹೋಯಿತೆ? ಅನೇಕ ವೇಳೆ ಇಲ್ಲ. ಕಾರಣವನ್ನು ವಿಚಾರಿಸೋಣ.

ಮೂರೂವರೆ ಅಂಗುಲದ ಫ್ಲಾಪಿಯ ಗಟ್ಟಿ ಕವಚದೊಳಗೆ ಪಾಲಿಯೆಸ್ಟರಿನ ತೆಳುವಾದ ಬಿಲ್ಲೆಯಿದೆ. ಅದರ ಎರಡು ಮೈಗಳಿಗೂ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಅಂಟಿನೊಡನೆ ಲೇಪಿಸಿರುತ್ತಾರೆ. ಒಂದೊಂದು ಮೈಯಲ್ಲಿ 80 ವರ್ತುಲ ಪಥಗಳು. ಪಥವೊಂದಕ್ಕೆ 18 ಖಂಡಗಳು. ಖಂಡವೊಂದಕ್ಕೆ 512 ಬೈಟುಗಳು. ಎಲ್ಲವನ್ನೂ ಗುಣಿಸಿದರೆ 14,74,560 ಬೈಟುಗಳು.

ಬಿಲ್ಲೆಯು ನಿಮಿಷಕ್ಕೆ 300 ಸುತ್ತು ತಿರುಗುವಾಗ ಓದುವ ಹೆಡ್ಡು ಅದರ ಮೈಗೆ ತಾಗಿಕೊಂಡೇ ಇರುತ್ತದೆ. ಕಾಂತತ್ವದ ದಿಕ್ಕು ಬದಲಾದಲ್ಲೆಲ್ಲ, ಫ್ಯಾರಡೆಯ ನಿಯಮಕ್ಕನುಸಾರವಾಗಿ, ಹೆಡ್ಡಿನ ಸುರುಳಿಯಲ್ಲಿ ವಿದ್ಯುತ್ತಿನ ಮಿಡಿತವೊಂದು ಹುಟ್ಟುತ್ತದೆ. ಎರಡು ಮಿಡಿತಗಳ ನಡುವಣ ಕಾಲ ಸುಮಾರು 2, 3 ಅಥವಾ 4 ಮೈಕ್ರೋಸೆಕೆಂಡು. ಈ ಅಂತರಗಳೇ ಬರಹದ ಲಿಪಿ.

ಬೂಷ್ಟು ಲೇಪದ ಮೇಲೆ ಬೆಳೆಯಬಲ್ಲದು, ಕಾಂತತ್ವವನ್ನು ತಿನ್ನಲಾರದು. ಆದರೆ ಅದು ಎರಡು ಬಗೆಯ ಕೇಡನ್ನು ಮಾಡುತ್ತದೆ. ಹೆಡ್ಡನ್ನು ಮೇಲಕ್ಕೆತ್ತಿ ಮಿಡಿತವನ್ನು ಕುಗ್ಗಿಸುವುದು ಒಂದು. ಹೆಡ್ಡಿಗೆ ಮೆತ್ತಿಕೊಂಡು ಲೇಪವನ್ನೇ ಕೆರೆದುಹಾಕುವುದು ಇನ್ನೊಂದು. ಎರಡನೆಯದಕ್ಕೆ ಔಷಧವಿಲ್ಲ. ಆದುದರಿಂದ ಬೂಷ್ಟು ಕಂಡ ಫ್ಲಾಪಿಯನ್ನು 'ಒಮ್ಮೆ ನೋಡೋಣ' ಎಂದು ಯಂತ್ರಕ್ಕೆ ತೂರಿಸುವುದು ಅವಿವೇಕ. ಮೊದಲು ಅದನ್ನು ನೆರಳಿನಲ್ಲಿ ಒಣಗಿಸಬೇಕು. ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೇವಗೊಳಿಸಿದ, ನೂಲು ಬಿಡದ ಬಟ್ಟೆಯಿಂದ ಬಿಲ್ಲೆಯನ್ನು ಮೃದುವಾಗಿ ಒರಸಬೇಕು. ತಟ್ಟೆಯೊಂದನ್ನು ಓದಿದ ಮೇಲೆ ಹೆಡ್ಡನ್ನೂ ಶುಚಿಗೊಳಿಸಬೇಕು.

ಪ್ರತಿ ಖಂಡದ ಕೊನೆಯಲ್ಲಿ 16 ಬಿಟ್ಟುಗಳ ತಾಳೆಸಂಖ್ಯೆಯೊಂದಿರುತ್ತದೆ. ಅದು ಸರಿಹೊಂದದಿದ್ದರೆ ಸಾಮಾನ್ಯ ಗಣಕಯಂತ್ರ ಕೈಚೆಲ್ಲುತ್ತದೆ. ಗ್ರೀಸ್‌ವೀಝಲ್, ಕ್ರಯೋಫ್ಲಕ್ಸ್ ಎಂಬ ಉಪಕರಣಗಳಾದರೋ ಮಿಡಿತಗಳ ಅಂತರಗಳನ್ನೇ ಹಲವು ಸುತ್ತುಗಳಲ್ಲಿ ದಾಖಲಿಸುತ್ತವೆ. ಒಂದು ಸುತ್ತಿನಲ್ಲಿ ಕೆಟ್ಟು ಬಂದ ಖಂಡವು ಮತ್ತೊಂದರಲ್ಲಿ ತಾಳೆಯಾಗುವುದುಂಟು.

ಬೈಟುಗಳು ಕೈಸೇರಿದರೂ ಕನ್ನಡ ಕೈಸೇರಿದಂತಾಗಲಿಲ್ಲ. ಅಂದಿನ ಬರಹ ಕೆಲವೆಡೆ 1991ರ 'ಇಸ್ಕಿ' ಸಂಕೇತದಲ್ಲಿದೆ. ಹಲವೆಡೆ ಆಯಾ ತಂತ್ರಾಂಶದ ಸ್ವಂತ ಅಕ್ಷರಸಂಕೇತದಲ್ಲಿದೆ. ಅದನ್ನು ಗುರುತಿಸಿ ಯೂನಿಕೋಡಿಗೆ ಪರಿವರ್ತಿಸಿದಾಗಲೇ ಕೆಲಸ ಪೂರ್ಣ.

ಫ್ಲಾಪಿ ತಟ್ಟೆಗಳ ಮಾರಾಟವನ್ನು ಸೋನಿ ಸಂಸ್ಥೆ ಜಪಾನಿನಲ್ಲಿ ನಿಲ್ಲಿಸಿದ್ದು 2011ರಲ್ಲಿ. ಓದುವ ಯಂತ್ರಗಳು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿವೆ. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಬರಹದ ಫ್ಲಾಪಿಯೊಂದಿದ್ದರೆ, ಮುಂದಿನ ಮಳೆಗಾಲಕ್ಕೆ ಮುನ್ನವೇ ಅದನ್ನು ಕೆಳಗಿಳಿಸುವುದು ಲೇಸು.