ಉಪ್ಪು, ಬೆಲ್ಲ, ನೀರಿನ ಪಾಠ

ಆರೋಗ್ಯಶಿಕ್ಷಣವೆಂದರೆ ರೋಗಗಳ ಹೆಸರನ್ನು ಬಾಯಿಪಾಠ ಮಾಡಿಸುವುದಲ್ಲ. ಕಲಿತದ್ದು ಆಪತ್ಕಾಲದಲ್ಲಿ ಕೈಗೆ ಬರುವಂತೆ ಮಾಡುವುದೇ ಆಗಿದೆ. ಇದಕ್ಕೆ ಬಾಂಗ್ಲಾದೇಶದ ದೃಷ್ಟಾಂತವೊಂದುಂಟು.

ಭೇದಿಯಿಂದ ಸಾಯುವ ಶಿಶುವು ಬಹುಮಟ್ಟಿಗೆ ದೇಹದ ನೀರೂ ಲವಣವೂ ಬತ್ತಿ ಸಾಯುವುದು. ಸಕ್ಕರೆಯ ಅಂಶವು ಕೂಡಿದ್ದರೆ ಕರುಳು ಇವೆರಡನ್ನೂ ಚೆನ್ನಾಗಿ ಹೀರಿಕೊಳ್ಳುವುದು. ಆದುದರಿಂದ 1980ರಿಂದ 1990ರ ವರೆಗೆ ಬ್ರ್ಯಾಕ್ ಎಂಬ ಸಂಸ್ಥೆಯ ಶಿಕ್ಷಕಿಯರು ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪನ್ನೂ ಒಂದು ಹಿಡಿ ಬೆಲ್ಲವನ್ನೂ ಅರ್ಧ ಸೇರು ನೀರಿನಲ್ಲಿ ಕದಡುವುದನ್ನು ತಾಯಂದಿರಿಗೆ ಕಲಿಸಿದರು. ಅಕ್ಷರ ಬಾರದವಳಿಗೂ ಬೆರಳೇ ಅಳತೆಯಾಯಿತು.

ಕೆಲವು ವಾರಗಳಾದ ಮೇಲೆ ಬೇರೊಬ್ಬರು ಬಂದು ತಾಯಂದಿರನ್ನು ಪರೀಕ್ಷಿಸುವರು. ಅವರ ಉತ್ತರಕ್ಕೆ ತಕ್ಕಂತೆ ಶಿಕ್ಷಕಿಗೆ ಸಂಬಳ. ತಾಯಂದಿರು ಸರಿಯಾಗಿಯೇ ಉತ್ತರಿಸಿದರು. ಆದರೆ ಮಗುವಿಗೆ ಭೇದಿಯಾದಾಗ ಅದನ್ನು ಕುಡಿಸಿದವರು ಕೆಲವರೇ! ಸಂಶೋಧಕರು ತಾಯಂದಿರನ್ನು ಮೂಢರೆಂದು ದೂರದೆ ಕಾರಣವನ್ನು ವಿಚಾರಿಸಿದರು. ಶಿಕ್ಷಕಿಯರಿಗೇ ಅದರಲ್ಲಿ ನಂಬಿಕೆ ಸಾಲದೆಂದೂ, ಮನೆಯ ಗಂಡಸರಿಗೆ ಯಾರೂ ತಿಳಿಸಿರಲಿಲ್ಲವೆಂದೂ ಕಂಡುಬಂತು. ಆಗ ಶಿಕ್ಷಕಿಯರಿಗೆ ಈ ಪಾನವು ದೇಹದಲ್ಲಿ ಮಾಡುವ ಕೆಲಸವನ್ನು ವಿವರಿಸಿದರು. ಗಂಡಸರನ್ನೂ ಕೂಡಿಸಿ ಮಾತಾಡಿದರು. ಬಳಕೆಯು ಹೆಚ್ಚಿತು.

ಹಳೆಯ ವಿದ್ಯಾರ್ಥಿನಿಯರೇ, ತಂದೆತಾಯಿಗಳೇ, ಈಗ ಓಆರ್‌ಎಸ್ ಪೊಟ್ಟಣವು ನಮ್ಮ ಆರೋಗ್ಯಕೇಂದ್ರಗಳಲ್ಲಿ ದೊರೆಯುತ್ತದೆ. ಅದರ ಮೇಲೆ ಬರೆದಷ್ಟೇ ಶುದ್ಧಜಲವನ್ನು ಬೆರೆಸತಕ್ಕದ್ದು. ನೆರೆಯ ಬಡತಾಯಿಗೆ ಇದನ್ನು ಹೇಳಿಕೊಡುವಾಗ “ತಿಳಿಯಿತೇ?” ಎಂದಷ್ಟೇ ಕೇಳಬೇಡಿರಿ; ಆಕೆಯ ಕೈಯಿಂದಲೇ ಮಾಡಿಸಿ ನೋಡಿರಿ. ಆಕೆ ಹಿಂಜರಿದರೆ, ಕಾರಣವನ್ನು ತಾಳ್ಮೆಯಿಂದ ಕೇಳಿರಿ. ಒಂದು ಜೀವವು ಆ ಉತ್ತರದಲ್ಲಿಯೇ ಉಳಿದೀತು.