ನರಕೋಶದೊಳಗಿನ ಗಂಟು

ಐವತ್ತು ವರ್ಷ ತಪ್ಪದೆ ಇಷ್ಟಲಿಂಗಾರ್ಚನೆ ಮಾಡಿದ ಹಿರಿಯರು ಒಂದು ದಿನ ಕರಡಿಗೆಯನ್ನು ಕೈಯಲ್ಲಿ ಹಿಡಿದು, ಮುಂದೇನು ಮಾಡಬೇಕೆಂಬುದು ತೋಚದೆ ಸುಮ್ಮನೆ ಕುಳಿತುಬಿಡುತ್ತಾರೆ. ‘ಶಾಸ್ತ್ರಿಗಳೇ, ಮಾವನವರಿಗೆ ಹೀಗೇಕಾಯಿತು? ಇದಕ್ಕೆ ಮದ್ದಿಲ್ಲವೇ?’ ಎಂದು ಮನೆಯ ಸೊಸೆ ಕೇಳುವಾಗ ‘ಎಲ್ಲವೂ ಕರ್ಮಫಲ’ವೆಂದು ಹೇಳಿ ಎದ್ದು ಬರಲು ನಮಗೆ ಮನಸ್ಸು ಬಾರದು. ಇಂತಹ ಮರೆವಿನ ಬೇನೆಯಲ್ಲಿ ಮೆದುಳಿನ ನರಕೋಶಗಳೊಳಗೆ ಗಂಟುಗಳು ಕಟ್ಟಿಕೊಳ್ಳುತ್ತವೆಂದು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿಯೇ ತಿಳಿಸಿದ್ದರು. ಆ ಗಂಟುಗಳನ್ನು ಬಿಗಿಯುವುದರಲ್ಲಿ ಪಾಲಿದೆಯೆಂದು ಶಂಕಿಸಲಾದ ಒಂದು ಕಿಣ್ವದ ಸಂಗತಿಯನ್ನು ಇಲ್ಲಿ ಅರುಹುತ್ತೇವೆ.

ಅದರ ಹೆಸರು ಟ್ರಾನ್ಸ್‌ಗ್ಲುಟಮಿನೇಸ್. ಹೆಸರು ನಾಲಿಗೆಗೆ ತೊಡಕು. ಕೆಲಸ ಮಾತ್ರ ಸರಳ. ಒಂದು ಪ್ರೋಟೀನಿನ ಗ್ಲುಟಮಿನ್ ಎಂಬ ಘಟಕವನ್ನೂ ಮತ್ತೊಂದರ ಲೈಸಿನ್ ಎಂಬ ಘಟಕವನ್ನೂ ಅದು ಬೆಸೆಯುತ್ತದೆ. ಈ ಕೆಲಸಕ್ಕೆ ಕ್ಯಾಲ್ಸಿಯಂ ಬೇಕು. ಹೀಗೆ ಬಿದ್ದ ಗಂಟನ್ನು ಪ್ರೋಟೀನುಗಳನ್ನು ಕತ್ತರಿಸುವ ಸಾಮಾನ್ಯ ಕಿಣ್ವಗಳೂ ಬಿಚ್ಚಲಾರವು. ಗಾಯದ ರಕ್ತ ಹೆಪ್ಪುಗಟ್ಟಿ ಗಟ್ಟಿಯಾಗುವುದು, ಚರ್ಮದ ಹೊರಪದರ ಬಿಗಿಯಾಗಿರುವುದು ಇದೇ ಕುಲದ ಕಿಣ್ವಗಳಿಂದ. 1957ರಲ್ಲಿ ಹೈನ್‌ರಿಕ್ ವೇಲ್ಷ್ ಮತ್ತು ಅವರ ಸಂಗಡಿಗರು ಈ ಕ್ರಿಯೆಯನ್ನು ಪ್ರಕಟಿಸಿದರು.

ನರಕೋಶಕ್ಕೆ ಇದು ಶತ್ರುವೆಂದು ತಿಳಿಯಲಾಗದು. ಬೆನ್ನುಹುರಿಯಿಂದ ಕಾಲ್ಬೆರಳವರೆಗೆ ಹೋಗುವ ನರತಂತು ಸುಮಾರು ಒಂದು ಮೀಟರ್ ಉದ್ದ. ಅದರೊಳಗೆ ಟ್ಯುಬುಲಿನ್ ಎಂಬ ಪ್ರೋಟೀನಿನಿಂದಾದ ಸೂಕ್ಷ್ಮ ನಾಳಗಳು ಹಳಿಗಳಂತೆ ಹಾಸಿಕೊಂಡಿರುತ್ತವೆ. ಕೋಶಕ್ಕೆ ಬೇಕಾದ ಸಾಮಗ್ರಿ ಅವುಗಳ ಮೇಲೆಯೇ ಸಾಗುತ್ತದೆ. ಈ ಕಿಣ್ವವು ಪಾಲಿಅಮೈನ್ ಎಂಬ ಸಣ್ಣ ಅಣುಗಳನ್ನು ಟ್ಯುಬುಲಿನ್‌ಗೆ ಬೆಸೆದು ಹಳಿಗಳನ್ನು ಭದ್ರಪಡಿಸುತ್ತದೆಂದು 2013ರ ಸಂಶೋಧನೆಯೊಂದು ತೋರಿಸಿತು. ಶಿವದಾರದ ಗಂಟು ಸಡಿಲಾದರೆ ಕರಡಿಗೆ ಎದೆಯ ಮೇಲೆ ನಿಲ್ಲದು. ನರತಂತುವಿನ ಹಳಿಗೂ ಅಂತಹ ಬಿಗಿ ಬೇಕು.

ಆದರೆ ಗಂಟು ಸಲ್ಲದೆಡೆಯಲ್ಲಿ ಬಿದ್ದರೆ? ಆಲ್ಝೈಮರ್ ಬೇನೆಯ ಗಂಟುಗಳಲ್ಲಿರುವ ಟೌ ಎಂಬ ಪ್ರೋಟೀನನ್ನು ಈ ಕಿಣ್ವ ಬೆಸೆಯಬಲ್ಲದು. ವಂಶಪಾರಂಪರ್ಯವಾಗಿ ಬರುವ ಹಂಟಿಂಗ್ಟನ್ ರೋಗದ ವಂಶವಾಹಿ 1993ರಲ್ಲಿ ಸಿಕ್ಕಿದಾಗ, ಅದರ ಪ್ರೋಟೀನಿನಲ್ಲಿ ಗ್ಲುಟಮಿನ್ ಸರಮಾಲೆಯೇ ಬೆಳೆದಿರುವುದು ಕಂಡುಬಂತು. ಕಿಣ್ವಕ್ಕೆ ಬೇಕಾದದ್ದೂ ಗ್ಲುಟಮಿನ್ನೇ! ಅಪರಾಧಿ ಸಿಕ್ಕನೆಂದು ಹಲವರು ಭಾವಿಸಿದರು.

ಅಷ್ಟು ಸುಲಭವಾಗಿರಲಿಲ್ಲ. 2002ರಲ್ಲಿ ಈ ರೋಗವುಳ್ಳ ಇಲಿಗಳಲ್ಲಿ ಕಿಣ್ವದ ಒಂದು ಬಗೆಯನ್ನು ತೆಗೆದುಹಾಕಿದಾಗ ಅವು ಹೆಚ್ಚು ಕಾಲ ಬದುಕಿದವು ನಿಜ. ಪ್ರೋಟೀನಿನ ಮುದ್ದೆಗಳು ಮಾತ್ರ ಕಡಿಮೆಯಾಗುವ ಬದಲು ಹೆಚ್ಚಿದವು. 2014ರಲ್ಲಿ ಪ್ರಕಟವಾದ, ಬೇರೆ ಇಲಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಪ್ರಯೋಜನವೇ ಕಾಣಲಿಲ್ಲ. ಇನ್ನು ದೇಹದ ತುಂಬ ಈ ಕಿಣ್ವಗಳನ್ನೆಲ್ಲ ತಡೆದರೆ ರಕ್ತ, ಚರ್ಮಗಳ ಗತಿಯೇನು?

ಆದಕಾರಣ, ಮರೆವಿನ ಗಂಟನ್ನು ಬಿಚ್ಚುತ್ತೇವೆಂದು ಪುಡಿ, ಲೇಹ್ಯ ಮಾರುವವರಿಗೆ ಮನೆಯ ಹಣ ಸುರಿಯಬೇಡಿರಿ. ಹಿರಿಯರನ್ನು ಮೊದಲು ನರರೋಗ ವೈದ್ಯರಲ್ಲಿಗೆ ಕರೆದೊಯ್ಯಿರಿ. ಥೈರಾಯ್ಡ್ ಕೊರತೆಯಿಂದಲೂ ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಬರುವುದುಂಟು. ಮಾಂಸಾಹಾರವಿಲ್ಲದ ನಮ್ಮ ಮನೆಗಳಲ್ಲಿ, ಅದರಲ್ಲಿಯೂ ಹಾಲು ಮೊಸರು ಬಿಟ್ಟ ವೃದ್ಧರಲ್ಲಿ, ಎರಡನೆಯದು ಅಪರೂಪವಲ್ಲ. ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಅದಕ್ಕೆ ಮದ್ದೂ ಉಂಟು.