ಹಳೆಯ ಜಾವಾಕ್ಕೆ ಹೊಸ ಬೆಳಕು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವವರು ಇಂದಿಗೂ ಇದ್ದಾರೆ. ಬಣ್ಣಕ್ಕೆ, ಕ್ರೋಮ್ ಲೇಪಕ್ಕೆ ಹಣ ಸುರಿಯುವ ಅನೇಕರು ಹೆಡ್‌ಲೈಟನ್ನು ಮರೆಯುತ್ತಾರೆ. ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ರಾತ್ರಿ ಹೊರಟವರಿಗೆ ಬೇಕಾದುದು ಹೊಳಪಲ್ಲ, ಬೆಳಕು.

ಹಳೆಯ ಜಾವಾದ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. 30 ವಾಟ್ ಬಲ್ಬಿಗೆ 5 ಆಂಪೇರ್ ಬೇಕು. ಅದರ ರೋಧ 1.2 ಓಮ್. ತುಕ್ಕು ಹಿಡಿದ ಜೋಡಣೆ, ಸವೆದ ಸ್ವಿಚ್ಚುಗಳ ರೋಧ ಕೇವಲ 0.2 ಓಮ್ ಎಂದುಕೊಳ್ಳಿ. ಆಗ ಬಲ್ಬಿಗೆ ಸಿಗುವುದು ಸುಮಾರು 5.1 ವೋಲ್ಟ್. ತಂತುವಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತದಂತೆ ಬದಲಾಗುವುದರಿಂದ ಅದು ಶೇ. 60ರ ಆಸುಪಾಸಿಗೆ ಇಳಿಯುತ್ತದೆ! 12 ವೋಲ್ಟಿನ 30 ವಾಟ್ ಬಲ್ಬಿನಲ್ಲಿ ಪ್ರವಾಹ ಅರ್ಧ, ರೋಧ 4.8 ಓಮ್. ಅದೇ ತುಕ್ಕಿದ್ದರೂ ಶೇ. 87ರಷ್ಟು ಬೆಳಕು ಉಳಿಯುತ್ತದೆ.

ಇದಕ್ಕೆ ಡೈನಮೋ ಬದಲಿಸಬೇಕೆಂದೇನಿಲ್ಲ. ಅದರ ವೋಲ್ಟೇಜು ವೇಗದೊಂದಿಗೆ ಏರುವುದರಿಂದ 12 ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಬಹುದು. ಚಾರ್ಜ್ ಆಗುವುದು ಮಾತ್ರ ಹೆಚ್ಚಿನ ವೇಗದಲ್ಲೇ. ಬ್ಯಾಟರಿ, ಬಲ್ಬು, ಹಾರನ್, ಇಗ್ನಿಷನ್ ಕಾಯಿಲ್ ಬದಲಾಗಬೇಕು. ಅದಕ್ಕೂ ಮೊದಲು ಫ್ರೇಮಿನ ಅರ್ಥ್ ಜೋಡಣೆಯನ್ನು ಎಮರಿ ಕಾಗದದಿಂದ ಉಜ್ಜಿ ನೋಡಿ. ಬೆಳಕು ಮರಳಿದರೆ ಉಳಿದ ಖರ್ಚನ್ನು ಮುಂದೂಡಬಹುದು.